ಥಾಯ್ಲೆಂಡ್‌ನ ಡಿಟಿವಿ ವೀಸಾ ಮಾಡಿಸಿಕೊಡ್ತೀವಿ ಅನ್ನೋರ ಕೈಗೆ ಪಾಸ್‌ಪೋರ್ಟ್ ಕಾಪಿ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡ್ತೀನಿ. 64,000 ರೂಪಾಯಿ ಹೋಯ್ತು. ಅಪ್ಪನ ಎಫ್‌ಡಿ ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿ ಹೋಯ್ತು. ಅಲ್ಲಿನ ಚಿಯಾಂಗ್ ಮಾಯ್ ಊರಲ್ಲಿ ಹಿಡಿದಿದ್ದ ರೂಮಿನ ಅಡ್ವಾನ್ಸ್ ಹೋಯ್ತು. ಹೋದದ್ದು ಹೋಗಲಿ, ನಾನು ಹೇಳದೇ ಇರುವ ಒಂದು ಸುಳ್ಳು ನನ್ನ ಹೆಸರಲ್ಲಿ, ನನ್ನ ಸಹಿಯ ಸಮೇತ, ಇನ್ನೊಂದು ದೇಶದ ಸರ್ಕಾರದ ದಾಖಲೆಯಲ್ಲಿ ಸೇರಿಕೊಂಡಿದೆ. ಎರಡು ತಿಂಗಳಿಂದ ಬರೆಯೋಣ ಅಂತ ಕೂತು, ಆಗದೆ ಎದ್ದು ಹೋಗಿದ್ದೀನಿ. ಅಷ್ಟು ನಾಚಿಕೆ. ನಾನು ಸುಮ್ಮನಿದ್ದಷ್ಟು ದಿನ ಅವರು ಇನ್ನೊಬ್ಬರ ಹತ್ತಿರ ದುಡ್ಡು ಇಸ್ಕೊಳ್ತಾನೇ ಇರ್ತಾರೆ ಅನ್ನೋದು ತಲೆಗೆ ಹೋದ ಮೇಲೆ ಇವತ್ತು ಬರೀತಿದ್ದೀನಿ.

ನಾನು ಮೈಸೂರಿನವಳು. ಮನೆಯಿಂದಲೇ ಕೆಲಸ. ಸಿಂಗಾಪುರದ ಒಂದು ಕಂಪನಿಗೂ ನೆದರ್ಲೆಂಡ್ಸ್‌ನ ಒಂದು ಸಣ್ಣ ಸ್ಟುಡಿಯೋಗೂ ಡಿಸೈನ್ ಮಾಡಿಕೊಡ್ತೀನಿ. ಥಾಯ್ಲೆಂಡ್‌ನವರು 2024ರ ಜುಲೈನಲ್ಲಿ ಡಿಟಿವಿ, ಅಂದರೆ ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ ಶುರು ಮಾಡಿದಾಗಿಂದ ನನ್ನ ಕಣ್ಣು ಅದರ ಮೇಲಿತ್ತು. ಐದು ವರ್ಷ ಚಾಲ್ತಿ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಒಂದು ಸಲ ಹೋದರೆ 180 ದಿನ ಇರಬಹುದು. ನವೆಂಬರ್‌ನಲ್ಲಿ ಹೋಗಿ ಜನವರಿ ಮುಗಿಯುವಷ್ಟರಲ್ಲಿ ವಾಪಸ್ ಬರೋಣ ಅಂತ ಲೆಕ್ಕ ಹಾಕಿದ್ದೆ. ಫೆಬ್ರವರಿ ಬಂದಮೇಲೆ ಚಿಯಾಂಗ್ ಮಾಯ್ ಸುತ್ತ ಹೊಲ, ಕಾಡಿಗೆ ಬೆಂಕಿ ಹಾಕಿ ಊರು ಪೂರಾ ಹೊಗೆ, ನನಗೆ ಉಬ್ಬಸ ಬೇರೆ. ಅಷ್ಟು ಸೂಕ್ಷ್ಮವಾಗಿ ಯೋಚನೆ ಮಾಡಿದವಳು ಅರ್ಜಿಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಬಿಟ್ಟೆ.

2025ರ ಜೂನ್‌ನಲ್ಲಿ ಮೊಬೈಲ್‌ನಲ್ಲಿ ಒಂದು ಜಾಹೀರಾತು. ಬೆಂಗಳೂರಿನ ಆಫೀಸು, ಫೋನ್ ಮಾಡಿದರೆ ಕನ್ನಡದಲ್ಲೇ ಮಾತು. "ನಾವೂ ಕನ್ನಡದವರೇ ಮೇಡಂ, ನಿಮಗೆ ಮೋಸ ಮಾಡ್ತೀವಾ?" ಈ ಮಾತು ಮೊದಲ ಫೋನಿನಲ್ಲೇ ಬಂತು. ಮೋಸದ ಮಾತು ನಾನು ಎತ್ತಿರಲೇ ಇಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಈ ವೀಸಾಗೆ ಖಾತೆಯಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು, ಆಗಿನ ದರದಲ್ಲಿ ಸುಮಾರು 13 ಲಕ್ಷ ರೂಪಾಯಿ. ನನ್ನದು ಎಂಟು ಲಕ್ಷ ಇತ್ತು. ಏಜೆಂಟ್ ತಕ್ಷಣ ಹೇಳಿದ, "ಉಳಿದದ್ದು ನಾವು ಅರೇಂಜ್ ಮಾಡ್ತೀವಿ ಮೇಡಂ, ತಿಂಗಳಿಗೆ ಮೂರು ಪರ್ಸೆಂಟ್, ವೀಸಾ ಆದ ಮೇಲೆ ವಾಪಸ್ ತೆಗೀತೀವಿ." ನಾನು ಖಡಾಖಂಡಿತವಾಗಿ ಬೇಡ ಅಂದೆ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಅಪ್ಪ ತಮ್ಮ ಎಫ್‌ಡಿ ಮುರಿಸಿ ಹಣ ಹಾಕಿದರು. ನಾನು ಆ ತಪ್ಪು ಕೆಲಸಕ್ಕೆ ಒಪ್ಪಲಿಲ್ಲವಲ್ಲ, ಹಾಗಾಗಿ ನಾನು ಹುಷಾರಾಗಿದ್ದೀನಿ ಅಂತ ನನಗೆ ನಾನೇ ಅಂದುಕೊಂಡೆ. ಅದೇ ನನ್ನನ್ನು ಮುಳುಗಿಸಿದ್ದು. ಒಂದು ಕಡೆ ಬಾಗಿಲು ಹಾಕಿ, ಇನ್ನೊಂದು ಕಡೆ ಪೂರ್ತಿ ತೆರೆದಿಟ್ಟಿದ್ದೆ. ಸುಳ್ಳು ಖಾತೆ ತೋರಿಸೋಣ ಅನ್ನುವವನು ಉಳಿದ ಕಾಗದದಲ್ಲಿ ಸತ್ಯ ಬರೀತಾನಾ? ಅವತ್ತು ಈ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಸರ್ಕಾರಿ ಶುಲ್ಕ 10,000 ಬಾತ್ ಆಸುಪಾಸು, ಅಂದರೆ ಆಗ 26,000 ರೂಪಾಯಿ. ಉಳಿದದ್ದು "ಫೈಲ್ ಚಾರ್ಜ್". ಮೊದಲು 40,000, ಆಮೇಲೆ "ಫೈಲ್ ಒಳಗೆ ಹೋಯ್ತು ಮೇಡಂ" ಅಂದ ದಿನ 24,000. ಎರಡೂ ಯುಪಿಐನಲ್ಲಿ, ಯಾರದೋ ಸ್ವಂತ ನಂಬರಿಗೆ. ಅಪ್ಪ ಅವತ್ತೇ ಕೇಳಿದ್ದರು, "ರಸೀದಿ ಕೊಟ್ರಾ ಪುಟ್ಟಿ? ದುಡ್ಡು ಇಸ್ಕೊಂಡ ಮೇಲೆ ಟಿಕೆಟ್ ಹರೀಬೇಕಲ್ವಾ?" ಎಲ್ಲ ವಾಟ್ಸಾಪ್‌ನಲ್ಲಿ ಇದೆ ಅಪ್ಪ, ಈಗ ಹಾಗೇನೇ, ಅಂತ ನಾನು ರೇಗಿದೆ. ಆ ರೇಗಿದ್ದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ನಾನು ಕಳಿಸಿದ್ದು ಏನೇನು ಗೊತ್ತಾ? ಎರಡೂ ಕಂಪನಿಗಳ ಒಪ್ಪಂದ, ಅವರು ಕೊಟ್ಟ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನನ್ನ ಕೆಲಸದ 40 ಪುಟದ ಪೋರ್ಟ್‌ಫೋಲಿಯೋ. ಮೂರು ವಾರ ರಾತ್ರಿ ಕೂತು ಮಾಡಿದ್ದು.

ಆಮೇಲೆ ಕಾಯೋದು. ಒಂದು ವಾರ, ಎರಡು ವಾರ, ನಾಲ್ಕು ವಾರ. ಕೇಳಿದಾಗೆಲ್ಲ ಒಂದೇ ಉತ್ತರ. "ಪ್ರೋಸೆಸ್‌ನಲ್ಲಿದೆ ಮೇಡಂ." "ಕಾನ್ಸುಲೇಟ್‌ನಲ್ಲಿ ರಶ್ ಇದೆ ಮೇಡಂ." "ಮತ್ತೆ ಮತ್ತೆ ಕೇಳಿದ್ರೆ ಫೈಲ್ ಕೆಳಗೆ ಹೋಗುತ್ತೆ ಮೇಡಂ." ಈ ಕೊನೇದು ನೋಡಿ, ನಮ್ಮ ಬಾಯಿ ಮುಚ್ಚಿಸೋದಕ್ಕೆ ಅಂತಲೇ ಇಟ್ಟುಕೊಂಡ ಮಾತು. ನಾನು ಹೆದರಿ ಹತ್ತು ದಿನ ಕೇಳಲೇ ಇಲ್ಲ!

ಲಾಗಿನ್ ಕೊಡಿ, ನಾನೇ ನೋಡ್ಕೋತೀನಿ ಅಂದೆ. "ಅದು ಏಜೆನ್ಸಿ ಲಾಗಿನ್ ಮೇಡಂ, ಸೆಕ್ಯೂರಿಟಿ ಪಾಲಿಸಿ, ಕೊಡೋಕೆ ಬರಲ್ಲ." ನನ್ನ ಅರ್ಜಿ, ನನ್ನ ಪಾಸ್‌ಪೋರ್ಟ್, ನನಗೇ ಕೊಡೋಕೆ ಬರಲ್ಲ. ಬದಲಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು, ಅರ್ಜಿ ಪರಿಶೀಲನೆಯಲ್ಲಿದೆ ಅಂತ. ಎಂಟು ದಿನ ಬಿಟ್ಟು ಕೇಳಿದಾಗ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಗಂಟೆ 11:42, ಬ್ಯಾಟರಿ 63. ಒಂದೇ ಚಿತ್ರ. ಒಂದೊಂದು ಪಿಕ್ಸೆಲ್ ನೋಡಿ ಹೊಟ್ಟೆ ಹೊರೆಯೋಳು ನಾನು, ನನಗೇ ಹಳೇ ಚಿತ್ರ ಮತ್ತೆ ಕಳಿಸಿದ್ದರು.

ಮಾರನೇ ದಿನ ಬೆಳಗಿನ ರೈಲಿಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋದೆ. ಆಫೀಸ್ ಅಂದರೆ ಮೊದಲನೇ ಮಹಡಿಯಲ್ಲಿ ಒಂದು ರೂಮು, ಎರಡು ಮೇಜು. ಮಾಲೀಕ ಇರಲಿಲ್ಲ. ಇದ್ದದ್ದು ಇಪ್ಪತ್ತೆರಡು ವರ್ಷದ ಒಂದು ಹುಡುಗಿ, ಪಾಪ, ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತಂತೆ. ಪಾಸ್‌ಪೋರ್ಟ್ ನಂಬರ್ ಹೇಳಿದೆ. ಅವಳು ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದಳು.

ಅರ್ಜಿ ತಿರಸ್ಕೃತ. ಆಗಲೇ ಆರು ದಿನ ಆಗಿತ್ತು. ಅದರ ಕೆಳಗೆ, ಹೆಚ್ಚಿನ ದಾಖಲೆ ಕೊಡಿ ಅಂತ ಅದಕ್ಕೂ ಎರಡು ವಾರ ಮುಂಚೆ ಬಂದಿದ್ದ ಸೂಚನೆ. ಯಾರೂ ಉತ್ತರ ಕೊಟ್ಟಿಲ್ಲ. ಇಮೇಲ್ ಐಡಿ ಅವರದ್ದು, ನನಗೆ ಬರುವ ದಾರಿಯೇ ಇಲ್ಲ. ಇನ್ನೂ ಕೆಳಗೆ ನೋಡಿದೆ. ಪ್ರವಾಸದ ಉದ್ದೇಶ: ಮುವಾಯ್ ಥಾಯ್, ಅಂದರೆ ಥಾಯ್ ಬಾಕ್ಸಿಂಗ್, ತರಬೇತಿ.

ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಡಿಟಿವಿಯಲ್ಲಿ ದೂರದಿಂದ ಕೆಲಸ ಮಾಡುವವರಿಗೆ ಒಂದು ವಿಭಾಗ, ಮುವಾಯ್ ಥಾಯ್, ಥಾಯ್ ಅಡುಗೆ ಇಂಥದ್ದನ್ನು ಕಲಿಯೋಕೆ, ಚಿಕಿತ್ಸೆಗೆ ಹೋಗುವವರಿಗೆ ಇನ್ನೊಂದು. ನನ್ನನ್ನು ಎರಡನೇದಕ್ಕೆ ಹಾಕಿದ್ದರು. ಯಾವುದೋ ತರಬೇತಿ ಶಾಲೆಯ ಪತ್ರ, ನನ್ನ ಹೆಸರಿನ ಸ್ಪೆಲಿಂಗ್ ತಪ್ಪು. ಕೆಳಗೆ ನನ್ನ ಸಹಿ. ನಾನು ಸಹಿ ಹಾಕೇ ಇಲ್ಲ. ಪಾಸ್‌ಪೋರ್ಟ್ ಕಾಪಿಯಿಂದ ಕತ್ತರಿಸಿ ಅಂಟಿಸಿದ್ದು, ಸುತ್ತ ಬೂದು ಬಣ್ಣದ ಚೌಕ ಕಾಣ್ತಿತ್ತು. ನನ್ನ 40 ಪುಟ ಎಲ್ಲೂ ಇಲ್ಲ. ಒಂದು ಪುಟವೂ ಇಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. "ಇದು ಬಾಕ್ಸಿಂಗ್ ಥರದ್ದಲ್ವಾ ಪುಟ್ಟಿ? ನೀನು ಕೆಲಸಕ್ಕೆ ಅಂತ ಹೇಳಿದ್ದೆ." ಆ ಒಂದು ಕ್ಷಣ ಅವರು ನನ್ನನ್ನೇ ಅನುಮಾನದಿಂದ ನೋಡಿದರು. ದುಡ್ಡು ಹೋಗಿದ್ದಕ್ಕಿಂತ ನನಗೆ ಆ ನೋಟ ಜಾಸ್ತಿ ಚುಚ್ಚಿತು.

ಮಾಲೀಕನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೀತೀನಿ.

"ಅದು ಟೆಕ್ನಿಕಲ್ ಮೇಡಂ, ನಿಮಗೆ ಅರ್ಥ ಆಗಲ್ಲ. ಆ ಕೆಟಗರಿಯಲ್ಲಿ ಬೇಗ ಆಗುತ್ತೆ ಅಂತ ಹಾಕಿದ್ದು, ನಿಮ್ಮ ಒಳ್ಳೇದಕ್ಕೇ."

ಸಹಿ? "ಎಲ್ಲರಿಗೂ ಹಾಗೇ ಮಾಡೋದು."

ದುಡ್ಡು? "ಸರ್ಕಾರಿ ಫೀಸ್ ವಾಪಸ್ ಬರಲ್ಲ ಮೇಡಂ. ಸರ್ವಿಸ್ ಚಾರ್ಜ್ ಅಂದ್ರೆ ನಾವು ಸರ್ವಿಸ್ ಕೊಟ್ಟಾಗಿದೆಯಲ್ಲ. ವೀಸಾ ಕೊಡೋದು ಬಿಡೋದು ಅವರ ಕೈಲಿದೆ."

ಅರ್ಜಿ ತಿರಸ್ಕಾರವಾದರೂ ಶುಲ್ಕ ವಾಪಸ್ ಬರಲ್ಲ ಅನ್ನೋದು ಮಾತ್ರ ನಿಜ. ಅವನು ಹೇಳಿದ್ದರಲ್ಲಿ ನಿಜ ಅದೊಂದೇ.

ಕೊನೆಗೆ ಹೇಳಿದ್ದು ಕೇಳಿ: "ಒಂದು ಕೆಲಸ ಮಾಡಿ ಮೇಡಂ, 60 ದಿನ ವೀಸಾ ಇಲ್ದೇ ಹೋಗಬಹುದಲ್ಲ, ಸುಮ್ನೆ ಹೋಗ್ಬಿಡಿ, ಅಲ್ಲಿಂದಲೇ ಡಿಟಿವಿಗೆ ಹಾಕಿಸ್ತೀವಿ, 15,000 ಕೊಡಿ ಸಾಕು." ಡಿಟಿವಿಗೆ ಥಾಯ್ಲೆಂಡ್ ಹೊರಗಿದ್ದೇ ಅರ್ಜಿ ಹಾಕಬೇಕು. ಈಗ ಎಲ್ಲಿದ್ದೀರಿ ಅನ್ನೋದಕ್ಕೂ ದಾಖಲೆ ಕೇಳ್ತಾರೆ. ಇಷ್ಟೆಲ್ಲ ಆದ ಮೇಲೂ, ಅಪ್ಪ ಪಕ್ಕದಲ್ಲಿ ಕೂತಿರುವಾಗಲೇ, ಇನ್ನೊಂದು ಸಲ ದೋಚೋಕೆ ನೋಡಿದ. ಐದು ವರ್ಷ ಒಂದೇ ಸಮ ಅಲ್ಲೇ ಇರಬಹುದು ಅಂದಿದ್ದೂ ಸುಳ್ಳು. ಅಲ್ಲಿನ ಕಂಪನಿಗಳ ಕೆಲಸವನ್ನೂ ಹಿಡೀಬಹುದು ಅಂದಿದ್ದೂ ಸುಳ್ಳು, ಅದಕ್ಕೆ ವರ್ಕ್ ಪರ್ಮಿಟ್ ಬೇಕು. ಹೊರಡುವ ಮುಂಚೆ ತುಂಬುವ ಡಿಜಿಟಲ್ ಅರೈವಲ್ ಕಾರ್ಡ್‌ಗೆ 1,500 ಆಗುತ್ತೆ ಅಂದಿದ್ದ. 2025ರ ಮೇ 1ರಿಂದ ಬಂದ ಆ ಕಾರ್ಡ್ ಪೂರ್ತಿ ಉಚಿತ.

ಮನೆಗೆ ಬಂದು ಅವತ್ತೇ ರಾತ್ರಿ ಅಧಿಕೃತ ಜಾಲತಾಣ ತೆರೆದೆ. ಥಾಯ್ ಇ-ವೀಸಾ, ಕೊನೆಯಲ್ಲಿ ಗೋ ಡಾಟ್ ಟಿಎಚ್ ಇರುವುದು ಮಾತ್ರ. ಭಾರತದಲ್ಲಿ 2025ರ ಜನವರಿಯಿಂದಲೇ ಅರ್ಜಿ ಅದರಲ್ಲೇ. ನಮ್ಮ ಇಮೇಲ್ ಹಾಕಿ ಖಾತೆ ತೆರೆಯೋಕೆ ಐದು ನಿಮಿಷ. ಕರ್ನಾಟಕದವರಿಗೆ ಚೆನ್ನೈನ ಕಾನ್ಸುಲೇಟ್. ಕೇಳುವ ದಾಖಲೆಗಳೆಲ್ಲ ನಾನು ಆಗಲೇ ಸಿದ್ಧ ಮಾಡಿಟ್ಟಿದ್ದವೇ. ಸ್ಕ್ಯಾನ್ ಮಾಡಿ ಹಾಕೋದಷ್ಟೇ ಬಾಕಿ ಇತ್ತು. ಅಷ್ಟಕ್ಕೆ 38,000 ರೂಪಾಯಿ ಕೊಟ್ಟು, ನನ್ನ ಹೆಸರನ್ನೂ ಒತ್ತೆ ಇಟ್ಟಿದ್ದೆ. ಪರದೆ ನೋಡ್ತಾ ಅತ್ತುಬಿಟ್ಟೆ.

ಹೇಳೋದು ಇಷ್ಟೇ. ಅರ್ಜಿ ನೀವೇ ಹಾಕಿ, ನಿಮ್ಮ ಇಮೇಲ್‌ನಲ್ಲೇ ಹಾಕಿ. ಇಮೇಲ್ ಯಾರದೋ, ಅರ್ಜಿಯೂ ಅವರದೇ. ಯಾರಿಗಾದರೂ ಮಾಡಿಸೋಕೆ ಕೊಟ್ಟೇ ತೀರಬೇಕು ಅಂದರೆ, ಸಲ್ಲಿಸುವ ಮುಂಚೆ ಪ್ರತಿ ಪುಟವನ್ನೂ ನಿಮ್ಮ ಕಣ್ಣಿಂದ ಓದಿ. ಪಾಸ್‌ಪೋರ್ಟ್ ಕಾಪಿ ಮೇಲೆ ಯಾವುದಕ್ಕೆ ಕೊಟ್ಟದ್ದು ಅಂತ ಅಡ್ಡಲಾಗಿ ಬರೆದು ಕೊಡಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, ನಮ್ಮಪ್ಪ ಹೇಳಿದ್ದು ಅದೇ.

1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೀನಿ, ಸಹಿ ನಕಲು ಮಾಡಿದ್ದಕ್ಕೆ ಪೊಲೀಸರಿಗೂ ಬರೆದು ಕೊಟ್ಟಿದ್ದೀನಿ. ಆ ಲ್ಯಾಪ್‌ಟಾಪ್ ಪರದೆಯ ಫೋಟೋ ಅವತ್ತೇ ತೆಗೆದಿದ್ದೆ, ಅದೊಂದು ಕೈಯಲ್ಲಿದೆ. ಮುಂದೆ ಎಂದಾದರೂ ಇಂಗ್ಲೆಂಡಿಗೋ ಕೆನಡಾಕ್ಕೋ ಅರ್ಜಿ ಹಾಕಿದರೆ, ಯಾವ ದೇಶವಾದರೂ ನಿಮಗೆ ವೀಸಾ ನಿರಾಕರಿಸಿದೆಯಾ ಅಂತ ಅವರು ಕೇಳ್ತಾರೆ. ಹೌದು ಅಂತ ಬರೀಬೇಕು. ಯಾಕೆ ಅಂತ ಕೇಳಿದರೆ, ನಾನು ಯಾವತ್ತೂ ಕಲಿಯೋಕೆ ಹೊರಡದ ಮುವಾಯ್ ಥಾಯ್ ಬಗ್ಗೆ ವಿವರಣೆ ಕೊಡಬೇಕು. ಅಪ್ಪನ ಐದು ಲಕ್ಷ ವಾಪಸ್ ಅವರ ಖಾತೆಗೆ ಹಾಕಿದ್ದೀನಿ, ಈ ಸಲ ಎಫ್‌ಡಿಗೆ ಬಡ್ಡಿ ದರ ಮೊದಲಿಗಿಂತ ಕಡಿಮೆ.