ಅಂಟಿಸುವ ವಾಲ್‌ಪೇಪರ್: ಎಲ್ಲಿ ನಿಲ್ಲುತ್ತೆ, ಎಲ್ಲಿ ಕಿತ್ತು ಬರುತ್ತೆ

ಹಿಂದಿನ ಕಾಗದ ಸುಲಿದು ನೇರವಾಗಿ ಗೋಡೆಗೆ ಹಚ್ಚುವ ಪಿವಿಸಿ ವಾಲ್‌ಪೇಪರ್ ರೋಲಿನ ಬಗ್ಗೆ ಕೊಂಡವರು ಹೇಳುವುದನ್ನು ಕೇಳಿದರೆ ತಲೆ ಕೆಡುತ್ತದೆ. ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ದುಡ್ಡು ದಂಡ ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಸ್ಟೀಲ್ ಬೀರುವಿನ ಮೇಲೆ ವರ್ಷಗಟ್ಟಲೆ ಅಲ್ಲಾಡದೆ ಕೂರುವ ಅದೇ ಹಾಳೆ ಡಿಸ್ಟೆಂಪರ್ ಗೋಡೆಯ ಮೇಲೆ ಕೆಲವೇ ವಾರಕ್ಕೆ ಮೇಲಿನ ಅಂಚು ಬಿಟ್ಟು ಮುಂದಕ್ಕೆ ಬಾಗುತ್ತದೆ. ಆದ್ದರಿಂದ ಇದನ್ನು ಕೊಳ್ಳುವ ಮುಂಚೆ ಡಿಸೈನ್ ನೋಡುವುದಕ್ಕಿಂತ ಹೆಚ್ಚು ಹೊತ್ತು ಗೋಡೆ ನೋಡಬೇಕು.

ಆನ್‌ಲೈನಿನಲ್ಲಿ ಹೆಚ್ಚು ಸಿಗುವುದು 45 ಸೆಂ.ಮೀ. ಅಗಲ, 10 ಮೀಟರ್ ಉದ್ದದ ರೋಲು. 60 ಸೆಂ.ಮೀ. ಅಗಲದ್ದು ಎರಡು ಮೂರು ಮೀಟರ್ ತುಂಡುಗಳಾಗಿ ಬರುತ್ತದೆ. ಚದರಡಿ ಲೆಕ್ಕ ಹಾಕಿ ತರಿಸಿದವರು ಮೊದಲು ಎಡವುವುದೇ ಇಲ್ಲಿ. 10 ಅಡಿ ಅಗಲ, 9 ಅಡಿ ಎತ್ತರದ ಗೋಡೆ ಎಂದರೆ ಸುಮಾರು 305 × 275 ಸೆಂ.ಮೀ., 8.4 ಚದರ ಮೀಟರ್. ಒಂದು ರೋಲು 4.5 ಚದರ ಮೀಟರ್, ಹಾಗಾಗಿ ಎರಡು ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ. ಪಟ್ಟಿಯ ಅಗಲ 45 ಸೆಂ.ಮೀ., ಹಾಗಾಗಿ 305 ಸೆಂ.ಮೀ. ಅಗಲದ ಈ ಗೋಡೆಗೆ ಏಳು ಪಟ್ಟಿ ಬೇಕು. ಮೇಲೆ ಕೆಳಗೆ ಕತ್ತರಿಸಲು 5 ಸೆಂ.ಮೀ. ಬಿಟ್ಟರೆ ಒಂದೊಂದು ಪಟ್ಟಿ 280 ಸೆಂ.ಮೀ. ಹತ್ತು ಮೀಟರಿನಲ್ಲಿ ಅಂಥವು ಮೂರೇ ಬರುತ್ತವೆ, 160 ಸೆಂ.ಮೀ. ಉಳಿಯುತ್ತದೆ. ಎರಡು ರೋಲಿಗೆ ಆರು ಪಟ್ಟಿ. ಏಳನೆಯದಕ್ಕೆ ಮೂರನೇ ರೋಲು ತೆರೆಯಲೇಬೇಕು. ಆ ಗೋಡೆಯಲ್ಲಿ ಬಾಗಿಲೋ ಕಿಟಕಿಯೋ ಇದ್ದರೆ ಮಾತ್ರ ಉಳಿದ ತುಂಡುಗಳು ಅದರ ಮೇಲಕ್ಕೆ ಕೆಳಕ್ಕೆ ಒದಗಿ ಎರಡರಲ್ಲೇ ಮುಗಿಯಬಹುದು. ಮೂರನೆಯದನ್ನು ಆಮೇಲೆ ತರಿಸಿದರಾಯಿತು ಎಂದು ಬಿಟ್ಟರೆ ಬೇರೆ ಬ್ಯಾಚಿನದು ಬಂದು ಬಣ್ಣ ಒಂದು ಎಳೆ ಆಚೀಚೆ ಆಗುತ್ತದೆ. ಫೋಟೋದಲ್ಲಿ ಗೊತ್ತಾಗದಿದ್ದರೂ ಟ್ಯೂಬ್‌ಲೈಟಿನ ಕೆಳಗೆ ಎದ್ದು ಕಾಣುತ್ತದೆ.

ಕಡಿಮೆ ಖರ್ಚಿನವರಿಗೆ ನನ್ನ ಸಲಹೆ, ಪೂರ್ತಿ ಗೋಡೆಯ ಆಸೆಯನ್ನೇ ಬಿಡಿ. ನೆಲದಿಂದ ನಾಲ್ಕು ಅಡಿವರೆಗೆ ಮಾತ್ರ ಅಂಟಿಸಿ. ಪಟ್ಟಿಯ ಉದ್ದ 125 ಸೆಂ.ಮೀ. ಆದರೆ ಅದೇ ಹತ್ತು ಅಡಿ ಗೋಡೆಗೆ 875 ಸೆಂ.ಮೀ. ಸಾಕು, ಒಂದೇ ರೋಲಿನಲ್ಲಿ ಕೆಲಸ ಮುಗಿದು ಒಂದು ಪಟ್ಟಿ ಮಿಗುತ್ತದೆ. ಮೇಲಂಚಿಗೆ ಅರ್ಧ ಇಂಚಿನ ಮರದ ಬೀಡಿಂಗ್ ಕೊಟ್ಟರೆ ಅಂಚೂ ಏಳುವುದಿಲ್ಲ, ಹಾಳೆ ಅಲ್ಲಿಗೇ ಮುಗಿಯಿತು ಎಂಬ ಅರೆಕೊರೆಯೂ ಕಾಣುವುದಿಲ್ಲ. ಸೋಫಾ, ಮಂಚ, ಊಟದ ಮೇಜಿನ ಹಿಂದೆ ತಲೆ ಬೆನ್ನು ಒರಗಿ ಕಪ್ಪಾಗುವ ಜಾಗವೂ ಇದೇ ತಾನೆ? ಇದಕ್ಕೆ ಸಣ್ಣ ಚುಕ್ಕೆ, ಗೆರೆ, ಹೆಣಿಗೆಯಂಥ ಡಿಸೈನ್ ಆರಿಸಿ. ದೊಡ್ಡ ಎಲೆ ಹೂವಿನದಾದರೆ ಪಟ್ಟಿಗೆ ಪಟ್ಟಿ ಹೊಂದಿಸುವಾಗ ಅರ್ಧ ರೋಲು ಕಸಕ್ಕೆ ಹೋಗುತ್ತದೆ. ಹೊಳಪಿನ ಹಾಳೆ ಬೇಡವೇ ಬೇಡ. ಹಾಳೆ ತೆಳು, ಒಳಗಿನ ಮರಳಿನ ಕಾಳೊಂದೊಂದೂ ಹೊರಗೆ ಮೂಡುತ್ತದೆ; ಮ್ಯಾಟ್ ಆದರೆ ಅಷ್ಟು ಕಣ್ಣಿಗೆ ಬೀಳದು.

ಈಗ ಗೋಡೆ. ಅಂಗೈಯಿಂದ ಗೋಡೆಯನ್ನು ಜೋರಾಗಿ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣವೋ ಅಗ್ಗದ ಡಿಸ್ಟೆಂಪರೋ ಆಗಿರುತ್ತದೆ. ಅಂಟು ಹಿಡಿಯುವುದು ಆ ಪುಡಿಯನ್ನು, ಪುಡಿ ಗೋಡೆಯನ್ನು ಹಿಡಿದಿರುವುದಿಲ್ಲ. ಕೈ ಶುಭ್ರವಾಗಿದ್ದರೆ ಇನ್ನೊಂದು ಪರೀಕ್ಷೆ: ಪ್ಯಾಕಿಂಗಿನ ಕಂದು ಟೇಪನ್ನು ಒಂದು ಗೇಣು ಅಂಟಿಸಿ, ಉಗುರಿನಿಂದ ತೀಡಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಬಣ್ಣದ ಚಕ್ಕೆ ಬಂದರೆ ವಾಲ್‌ಪೇಪರ್ ಕೂಡ ಮುಂದೊಂದು ದಿನ ಹಾಗೇ ಬರುತ್ತದೆ, ಅಗಲವಾಗಿ. ಪುಡಿ ಏಳುವ ಗೋಡೆಯನ್ನು ಕೆರೆದು, ಸ್ಯಾಂಡ್‌ಪೇಪರ್ ಉಜ್ಜಿ, ನೀರಿನ ಪ್ರೈಮರ್ ಒಂದು ಕೋಟ್ ಹೊಡೆದು ಒಣಗಿಸಿದರೆ ಹಾಳೆ ನಿಲ್ಲುತ್ತದೆ. ಸ್ವಂತ ಮನೆಗೆ ಅದು ಸರಿ. ಬಾಡಿಗೆ ಮನೆಯಲ್ಲಿ ಅಷ್ಟು ಕೆಲಸ ಮಾಡುವವರು ಅದರ ಮೇಲೆ ಎರಡು ಕೋಟ್ ಬಣ್ಣ ಹೊಡೆದು ಸುಮ್ಮನಾಗುವುದು ಲೇಸು. ಹೊಸದಾಗಿ ಪೇಂಟ್ ಆದ ಗೋಡೆಯಾದರೆ ತಿಂಗಳಾದರೂ ತಡೆಯಿರಿ, ಮೇಲೆ ಒಣಗಿದ್ದರೂ ಬಣ್ಣ ಒಳಗಿನ್ನೂ ಗಟ್ಟಿಯಾಗಿರುವುದಿಲ್ಲ.

ತೇವ ಇರುವ ಗೋಡೆಗೆ ಯಾವ ಉಪಾಯವೂ ಇಲ್ಲ. ಬಚ್ಚಲಿಗೆ ಬೆನ್ನು ಕೊಟ್ಟ ಗೋಡೆ, ಮಳೆ ಹೊಡೆಯುವ ಹೊರಗೋಡೆ, ನೆಲದಿಂದ ಒಂದೆರಡು ಅಡಿ ಉಪ್ಪು ಉಕ್ಕುವ ಹಳೇ ಗೋಡೆ, ಇವುಗಳ ನೀರು ಆರಿಹೋಗಲು ಪಿವಿಸಿ ದಾರಿ ಬಿಡುವುದಿಲ್ಲ. ಹಾಳೆಯ ಹಿಂದೆ ಕಪ್ಪು ಬೂಸ್ಟು ಬೆಳೆಯುತ್ತದೆ, ಮೊದಲು ಗೊತ್ತಾಗುವುದು ವಾಸನೆಯಿಂದ. ಮಲೆನಾಡು, ಕರಾವಳಿಯವರು ಮಳೆಗಾಲ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ, ಬೇಸಿಗೆಯಲ್ಲಿ ಮಾತ್ರ ಕೈ ಹಾಕಿ. ಕಲೆ ಮುಚ್ಚಲು ವಾಲ್‌ಪೇಪರ್ ತರುವವರೇ ಜಾಸ್ತಿ, ಮುಚ್ಚಬಾರದ ಕಲೆ ಇದೊಂದು.

ಅಂಟಿಸುವುದು ಇಬ್ಬರ ಕೆಲಸ. ಮೊಳೆ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ ಆರಲು ಬಿಡಿ. ನಮ್ಮ ಮನೆಗಳ ಮೂಲೆಗಳು ನೆಟ್ಟಗಿರುವುದು ಅಪರೂಪ, ಅದಕ್ಕೇ ಮೂಲೆಯನ್ನು ನಂಬಿ ಶುರು ಮಾಡಬೇಡಿ. ದಾರದ ತುದಿಗೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು, ಮೂಲೆಯಿಂದ 44 ಸೆಂ.ಮೀ. ದೂರದಲ್ಲಿ ಪೆನ್ಸಿಲ್ ಗೆರೆ ಎಳೆದು ಮೊದಲ ಪಟ್ಟಿಯನ್ನು ಆ ಗೆರೆಗೆ ಕೂರಿಸಿ. ಮೂಲೆಯ ಕಡೆಗೆ ಮಿಕ್ಕಿದ್ದನ್ನು ಕಟರಿನಲ್ಲಿ ತೆಗೆಯಿರಿ. ಮೊದಲ ಪಟ್ಟಿ ಅರ್ಧ ಸೆಂ.ಮೀ. ವಾಲಿದರೂ ಏಳನೆಯ ಪಟ್ಟಿವರೆಗೆ ಎಲ್ಲವೂ ಅದರ ಹಿಂದೆಯೇ ವಾಲುತ್ತವೆ.

ಹಿಂದಿನ ಕಾಗದವನ್ನು ಒಮ್ಮೆಲೇ ಸುಲಿದರೆ ಹಾಳೆ ತನಗೆ ತಾನೇ ಅಂಟಿಕೊಂಡು ಉಂಡೆಯಾಗುತ್ತದೆ, ಆ ಪಟ್ಟಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮೇಲಿನ ಒಂದು ಗೇಣು ಮಾತ್ರ ಸುಲಿದು ಅಂಟಿಸಿ. ಕೆಳಗಿರುವವರು ಕಾಗದವನ್ನು ನಿಧಾನಕ್ಕೆ ಕೆಳಗೆ ಎಳೆಯಲಿ, ಮೇಲಿರುವವರು ಹಳೇ ಎಟಿಎಂ ಕಾರ್ಡಿಗೆ ಹತ್ತಿ ಬಟ್ಟೆ ಸುತ್ತಿ ನಡುವಿನಿಂದ ಎರಡೂ ಬದಿಗೆ ತೀಡಲಿ. ಹಾಳೆಯನ್ನು ಹಿಗ್ಗಿಸಿ ಎಳೆದು ಡಿಸೈನ್ ಹೊಂದಿಸಬಾರದು. ಎಳೆದದ್ದು ಕೆಲವು ದಿನಕ್ಕೆ ಹಿಂದಕ್ಕೆ ಕುಗ್ಗಿ ಜೋಡಣೆಯಲ್ಲಿ ಬಿಳಿ ಗೆರೆ ಬಿಡುತ್ತದೆ. ಎಳೆಯದಿದ್ದರೂ ಬಿಸಿಲು ಬೀಳುವ ಗೋಡೆಯಲ್ಲಿ ಪಿವಿಸಿ ಸ್ವಲ್ಪ ಕುಗ್ಗುವುದರಿಂದ ಪಟ್ಟಿಗಳನ್ನು ಅಂಚಿಗೆ ಅಂಚು ತಾಗಿಸದೆ 2–3 ಮಿ.ಮೀ. ಒಂದರ ಮೇಲೊಂದು ಬರುವಂತೆ ಹಾಕಿ. ಉಳಿದ ಗುಳ್ಳೆಗೆ ಸೂಜಿ ಚುಚ್ಚಿ ಒತ್ತಿದರೆ ಸಾಕು. ಕಟರಿನ ಬ್ಲೇಡನ್ನು ಮೂರು ನಾಲ್ಕು ಕೊಯ್ತಕ್ಕೊಮ್ಮೆ ಮುರಿದು ಹೊಸ ಮೊನೆ ಮಾಡಿಕೊಳ್ಳಿ, ಮೊಂಡಾದದ್ದು ಹಾಳೆಯನ್ನು ಕೊಯ್ಯದೆ ಹರಿಯುತ್ತದೆ. ಸ್ವಿಚ್ ಬೋರ್ಡಿನ ಹತ್ತಿರ ಹೋಗುವ ಮುಂಚೆ ಮೇನ್ ಆಫ್ ಮಾಡಿ. ಹೊರ ಪ್ಲೇಟು ಕಳಚುವಂಥದ್ದಾದರೆ ಕಳಚಿ, ಹಾಳೆಯ ಅಂಚು ಪ್ಲೇಟಿನ ಅಡಿಗೆ ಸ್ವಲ್ಪವೇ ಹೋಗುವಂತೆ ಕತ್ತರಿಸಿದರೆ ಕೆಲಸ ನೀಟಾಗಿ ಕಾಣುತ್ತದೆ.

ಒಲೆಯ ಹಿಂದೆ, ದೇವರ ಮನೆಯಲ್ಲಿ ದೀಪ ಉರಿಯುವ ಗೋಡೆಗೆ ಇದು ಬೇಡ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ತಗಲಿದರೆ ಕೆಟ್ಟ ಹೊಗೆ ಬಿಡುತ್ತದೆ. ಒಲೆಯ ಹಿಂದಕ್ಕೆಂದೇ ಮಾರುವ ಅಲ್ಯೂಮಿನಿಯಂ ಹಾಳೆ ಬೇರೆ ಇದೆ. ಅದು ಕರೆಂಟ್ ಹರಿಸುವ ಲೋಹ, ಪ್ಲಗ್ ಪಾಯಿಂಟಿನಿಂದ ದೂರವಿಡಿ. ಇಟ್ಟಿಗೆಯ ಆಕಾರದ ಫೋಮ್ ಶೀಟು, 70 × 77 ಸೆಂ.ಮೀ. ಬರುವಂಥದ್ದು, ಒರಟು ಗೋಡೆಯನ್ನು ಚೆನ್ನಾಗಿ ಮುಚ್ಚುತ್ತದೆ ನಿಜ. ಆದರೆ ಮಕ್ಕಳ ಉಗುರು ತಾಗಿದ ಕಡೆಯೆಲ್ಲ ತಗ್ಗು, ಸಂದಿಗಳಲ್ಲೆಲ್ಲ ಧೂಳು.

ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬರುವುದು ಗೋಡೆಯ ಮೇಲಲ್ಲ, ಸಾಮಾನಿನ ಮೇಲೆ. ಬಣ್ಣ ಮಾಸಿದ ಬೀರು, ಸನ್‌ಮೈಕಾ ಹಾಳಾದ ವಾರ್ಡ್‌ರೋಬಿನ ಬಾಗಿಲು, ಫ್ರಿಜ್ಜು, ಶೋಕೇಸಿನ ಒಳ ಹಿಂಬದಿ, ಓದುವ ಮೇಜು, ಎಲ್ಲವೂ ನಯವಾದ, ಪುಡಿ ಏಳದ ಮೈ. ಪಾತ್ರೆ ತೊಳೆಯುವ ಲಿಕ್ವಿಡ್ ನೀರಿನಲ್ಲಿ ಜಿಡ್ಡು ತೆಗೆದು ಒಣಗಿಸಿ, ಹಿಡಿ ಬಿಚ್ಚಿ, ಬಾಗಿಲಿನ ಅಂಚಿನಲ್ಲಿ ಕತ್ತರಿಸದೆ ಒಳಗಡೆಗೆ ಒಂದು ಇಂಚು ಮಡಿಸಿ. ಮಡಿಸುವ ಕಡೆ ಹೇರ್ ಡ್ರೈಯರಿನ ಬಿಸಿ ತಾಗಿಸಿದರೆ ಹಾಳೆ ಬಾಗಿ ಕೂರುತ್ತದೆ. ಗೋಡೆಯಿಂದ ಉಳಿದ 160 ಸೆಂ.ಮೀ. ತುಂಡುಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇದೆ. ಗೋಡೆಯ ಪುಟ್ಟಿ ಕಿತ್ತು ಬಂದರೆ ಅದರ ಮೇಲೆ ಇನ್ನಷ್ಟು ಕೇಳಬಹುದು, ಹಾಗಾಗಿ ಅಂಟಿಸುವ ಮುಂಚೆ ಮಾಲೀಕರಿಗೆ ಒಂದು ಮಾತು ಹೇಳಿ. ತೆಗೆಯುವಾಗ ಮೂಲೆಗೆ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ಹಾಳೆಯನ್ನು ನಮ್ಮ ಕಡೆಗೆ ಎಳೆಯದೆ ಹಿಂದಕ್ಕೆ ಮಡಿಸಿ ಗೋಡೆಗೆ ಒರಗಿಸಿದಂತೆ ನಿಧಾನಕ್ಕೆ ಸುಲಿಯಬೇಕು. ಒಂದು ಗೇಣು ಸುಲಿಯುವುದು, ಮತ್ತೆ ಬಿಸಿ ಹಿಡಿಯುವುದು. ಬೀರು, ಮೇಜಿನ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ. ಗೋಡೆಗೆ ಮಾತ್ರ ಎಣ್ಣೆ ಮುಟ್ಟಿಸಬೇಡಿ, ಆ ಕಲೆಯ ಮೇಲೆ ಮುಂದಿನ ಪೇಂಟೂ ಹಿಡಿಯುವುದಿಲ್ಲ.