ಹಬ್‌ಝೋನ್ ಸರ್ಟಿಫಿಕೇಟ್: ಎರಡು ಬೀದಿ ದಾಟಿದ ಹುಡುಗ, ಆರು ತಿಂಗಳ ಓಡಾಟ

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಸರ್ಕಾರಿ ಕಾಂಟ್ರಾಕ್ಟಿಗೆ ಅನುಕೂಲವಾಗುವ ಈ ಸರ್ಟಿಫಿಕೇಟಿಗೆ ಐದಕ್ಕೆ ಮೂರೂವರೆ ಸ್ಟಾರ್.

ಬಾಲ್ಟಿಮೋರ್‌ನಲ್ಲಿ ನನ್ನ ತಮ್ಮನದೊಂದು ಸಣ್ಣ ಕಂಪನಿ ಇದೆ. ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು, ಕ್ಯಾಮೆರಾ ಕೂರಿಸುವುದು, ಇಂಥ ಕೆಲಸ. ಅವನನ್ನೂ ನನ್ನನ್ನೂ ಸೇರಿಸಿ ಆರು ಜನ. ಲೆಕ್ಕಪತ್ರ, ಅರ್ಜಿ, ಫಾರ್ಮು ಎಲ್ಲ ನನ್ನ ತಲೆಗೆ. ಬಾಡಿಗೆ ಕಮ್ಮಿ ಅಂತ ಹುಡುಕಿಕೊಂಡು ಹೋಗಿ ಹಿಡಿದ ಆಫೀಸು ನಮ್ಮದು. ಆ ಬೀದಿಯಲ್ಲಿ ಅರ್ಧ ಮನೆಗಳಿಗೆ ಹಲಗೆ ಹೊಡೆದಿದೆ. ಅಂಥ ಬೀದಿಯಲ್ಲಿ ಇರುವುದಕ್ಕೇ ಸರ್ಕಾರಿ ಕಾಂಟ್ರಾಕ್ಟಿನಲ್ಲಿ ಒಂದು ಅನುಕೂಲ ಇದೆ ಅಂತ ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ!

ಅದರ ಹೆಸರು ಹಬ್‌ಝೋನ್. 1997ರ ಕಾಯ್ದೆಯಿಂದ ಬಂದದ್ದು, ನಡೆಸುವುದು ಅಮೆರಿಕದ ಸಣ್ಣ ಉದ್ಯಮಗಳ ಇಲಾಖೆ, ಅಂದರೆ ಎಸ್‌ಬಿಎ. ಬಡತನ ಜಾಸ್ತಿ ಇರುವ, ಆದಾಯ ಕಮ್ಮಿ ಇರುವ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿದ್ದಾರೆ. ಅಲ್ಲಿ ಆಫೀಸು ಇಟ್ಟುಕೊಂಡು, ಅಂಥ ಜಾಗದ ಜನರಿಗೆ ಕೆಲಸ ಕೊಟ್ಟ ಸಣ್ಣ ಕಂಪನಿಗಳಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾಂಟ್ರಾಕ್ಟುಗಳಲ್ಲಿ ಆದ್ಯತೆ. ವರ್ಷಕ್ಕೆ ಒಟ್ಟು ಕಾಂಟ್ರಾಕ್ಟ್ ದುಡ್ಡಿನಲ್ಲಿ ಶೇಕಡಾ 3 ಇಂಥವರಿಗೆ ಹೋಗಬೇಕು ಅನ್ನುವುದು ಗುರಿ. 2023ರಲ್ಲಿ ಹೋಗಿದ್ದು 2.78.

ನಿಯಮ ಓದಿದರೆ ಸುಲಭ ಅನಿಸುತ್ತದೆ. ಕಂಪನಿಯ ಕನಿಷ್ಠ ಶೇಕಡಾ 51 ಅಮೆರಿಕನ್ ಪ್ರಜೆಗಳ ಕೈಯಲ್ಲಿರಬೇಕು. ಮುಖ್ಯ ಆಫೀಸು ಆ ವಲಯದೊಳಗೆ ಇರಬೇಕು. ಕೆಲಸ ಮಾಡುವವರಲ್ಲಿ ಶೇಕಡಾ 35 ಜನ ಇಂಥ ಯಾವುದಾದರೂ ವಲಯದಲ್ಲಿ ವಾಸ ಮಾಡಬೇಕು. ಮೊದಲನೆಯ ಸಾಲಿನಲ್ಲೇ ನಮ್ಮ ಜನ ಎಷ್ಟೋ ಮಂದಿ ಹೊರಗೆ ಬೀಳುತ್ತಾರೆ, ಗಮನಿಸಿ. ಗ್ರೀನ್ ಕಾರ್ಡ್ ಇದ್ದರೂ ಸಾಲದು, ಎಚ್-1ಬಿ ವೀಸಾ ಮಾತಂತೂ ಎತ್ತಲೇಬೇಡಿ. ಸಂಘದ ದೀಪಾವಳಿ ಊಟದಲ್ಲಿ "ನಾವೂ ಹಾಕೋಣ" ಅಂದ ನಾಲ್ವರಲ್ಲಿ ಮೂವರಿಗೆ ಇದನ್ನು ಹೇಳಿ ನಿರಾಸೆ ಮಾಡಿದವಳು ನಾನೇ. ತಮ್ಮ ಎರಡು ವರ್ಷದ ಹಿಂದೆ ಪ್ರಮಾಣ ಮಾಡಿ ಪ್ರಜೆ ಆಗಿದ್ದ, ಬಚಾವ್.

ಹಾವೇರಿಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಪಿಡಬ್ಲ್ಯೂಡಿ ಕಂಟ್ರಾಕ್ಟರ್ ಆಗಿದ್ದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟು ಕೊಡಬೇಕಮ್ಮಾ?"

"ಮೂವತ್ತೈದು ಅಪ್ಪಾ. ಆದರೆ ದುಡ್ಡಲ್ಲ, ಜನ."

ನಂಬಲಿಲ್ಲ ಅವರು. ನಿಜಕ್ಕೂ ಅರ್ಜಿಗೆ ಒಂದು ಡಾಲರ್ ಫೀಸೂ ಇಲ್ಲ.

ಊರಿನ ಟೆಂಡರಿಗೂ ಇದಕ್ಕೂ ಇರುವ ವ್ಯತ್ಯಾಸ ಅವರಿಗೆ ಬಿಡಿಸಿ ಹೇಳಬೇಕಾಯಿತು. ಭಾರತದಲ್ಲಿ ಕೇಂದ್ರದ ಇಲಾಖೆಗಳು ಶೇಕಡಾ 25 ಖರೀದಿಯನ್ನು ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರಲ್ಲಿ 4 ಎಸ್‌ಸಿ-ಎಸ್‌ಟಿ ಮಾಲೀಕರದ್ದು, 3 ಮಹಿಳೆಯರದ್ದು. ಅಲ್ಲಿ ಕೇಳುವುದು ಮಾಲೀಕ ಯಾರು ಅಂತ. ಇಲ್ಲೂ ಮಾಲೀಕರನ್ನು ನೋಡುವ ಯೋಜನೆಗಳು ಬೇರೆ ಇವೆ. ಆದರೆ ಹಬ್‌ಝೋನ್ ಕೇಳುವುದು, ನಿಮ್ಮ ಹುಡುಗರು ಕೆಲಸ ಮುಗಿಸಿ ಸಂಜೆ ಯಾವ ಬೀದಿಯ ಮನೆಗೆ ಹೋಗುತ್ತಾರೆ ಅಂತ. ಡಾ. ನಂಜುಂಡಪ್ಪ ಸಮಿತಿ ನಮ್ಮಲ್ಲಿ 114 ಹಿಂದುಳಿದ ತಾಲ್ಲೂಕು ಅಂತ ಪಟ್ಟಿ ಮಾಡಿತ್ತಲ್ಲ, ಇಲ್ಲಿನ ಪಟ್ಟಿ ತಾಲ್ಲೂಕಿನ ಲೆಕ್ಕದಲ್ಲ, ಪಟ್ಟಣದಲ್ಲಾದರೆ ಬೀದಿ ಬೀದಿ ಲೆಕ್ಕ.

ನಮಗೆ ಏಟು ಬಿದ್ದದ್ದೂ ಅಲ್ಲೇ.

ಆರು ಜನಕ್ಕೆ ಶೇಕಡಾ 35 ಅಂದರೆ 2.1. ಹತ್ತಿರದ ಪೂರ್ಣ ಸಂಖ್ಯೆಗೆ ತರಬೇಕು, ಅಂದರೆ ಇಬ್ಬರು. ನಮ್ಮ ಟೆಕ್ನಿಷಿಯನ್‌ಗಳಲ್ಲಿ ಸರಿಯಾಗಿ ಇಬ್ಬರು ವಲಯದೊಳಗೆ ಇದ್ದರು. ಫೈಲೆಲ್ಲ ರೆಡಿ. ಅರ್ಜಿ ಹಾಕುವ ವಾರ ಅವರಲ್ಲೊಬ್ಬ ಖುಷಿಯಾಗಿ ಬಂದು "ಹೊಸ ಮನೆಗೆ ಹೋದೆ, ಬಾತ್‌ರೂಮ್ ಚೆನ್ನಾಗಿದೆ" ಅಂದ. ಎಲ್ಲಿ ಅಂದರೆ ಎರಡು ಬೀದಿ ಆಚೆ. ಎಸ್‌ಬಿಎ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿದೆ. ಬಣ್ಣದ ಗಡಿ ಸರಿಯಾಗಿ ಅವನ ಬೀದಿಯ ನಡುವೆ ಹೋಗಿದೆ. ಎದುರು ಸಾಲಿನ ಲಾಂಡ್ರಿ ಅಂಗಡಿ ಒಳಗೆ, ಇವನ ಮನೆ ಹೊರಗೆ. ಮೂರು ಸಲ ಝೂಮ್ ಮಾಡಿದೆ, ಏನೋ ಬದಲಾಗುತ್ತದೆ ಅನ್ನುವ ಹಾಗೆ. ಅವನಿಗೆ ಬಾಯಿ ತೆಗೆದು ಏನಂತ ಹೇಳುವುದು? ಒಳ್ಳೆ ಮನೆಗೆ ಹೋದದ್ದು ತಪ್ಪಾ?

ಸರಿ, ಏಳನೆಯವರನ್ನು ಹುಡುಕಿದೆವು. ಏಳಕ್ಕೆ 2.45, ಅಂದರೂ ಇಬ್ಬರೇ. ಎಂಟಾದರೆ 2.8, ಮೂರು ಜನ ಬೇಕು, ಅದಕ್ಕೇ ಏಳಕ್ಕೆ ನಿಂತೆವು. ಈಗಿನ ನಿಯಮದ ಪ್ರಕಾರ ಲೆಕ್ಕಕ್ಕೆ ಬರಬೇಕಾದರೆ ಒಬ್ಬರು ತಿಂಗಳಿಗೆ 80 ಗಂಟೆ ಕೆಲಸ ಮಾಡಬೇಕು, ವಲಯದಲ್ಲಿ ಕನಿಷ್ಠ 90 ದಿನದಿಂದ ವಾಸ ಇರಬೇಕು. ಸುಮ್ನೆ ಹೆಸರಿಗೆ ಒಬ್ಬರನ್ನು ತೋರಿಸುವ ಹಾಗಿಲ್ಲ, ಅದು ನ್ಯಾಯವೇ. ಆಫೀಸಿನ ಬೀದಿಯಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಅರ್ಧ ದಿನದ ಕೆಲಸಕ್ಕೆ ಸಿಕ್ಕಳು. ಅವಳು ಅಲ್ಲೇ ಇದ್ದಾಳೆ ಅನ್ನುವುದು ಬೀದಿಗೆಲ್ಲ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ. ಲೈಸೆನ್ಸಿನಲ್ಲಿ ಚಿಕ್ಕಮ್ಮನ ಮನೆ ವಿಳಾಸ. ಕರೆಂಟ್ ಬಿಲ್ಲು ತಾಯಿ ಹೆಸರಿನಲ್ಲಿ. ಲೀಸ್ ತಾಯಿಯದು. ಕೊನೆಗೆ ಕೈ ಹಿಡಿದದ್ದು ಅವಳ ವೋಟರ್ ಕಾರ್ಡು. ಡ್ರಾಯರಿನ ತಳದಲ್ಲಿ ಪಿಜ್ಜಾ ಕೂಪನ್ನುಗಳ ನಡುವೆ ಇತ್ತು.

ಇಷ್ಟೊಂದು ದಾಖಲೆ ಯಾಕೆ ಕೇಳುತ್ತಾರೆ ಅಂತ ಬೈಯುತ್ತಿದ್ದೆ. ಆಮೇಲೆ ಹಳೆಯ ಕಥೆ ಓದಿದೆ. 2010ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣೆಯವರು, ಜಿಎಒ, ಪರೀಕ್ಷೆ ಮಾಡೋಣ ಅಂತ ಸುಳ್ಳು ಕಂಪನಿಗಳ ಹೆಸರಿನಲ್ಲಿ ಅರ್ಜಿ ಹಾಕಿದರು. ಒಂದಕ್ಕೆ ಕೊಟ್ಟ ವಿಳಾಸ ಟೆಕ್ಸಾಸಿನ ಅಲಾಮೊ! ಚರಿತ್ರೆ ಪುಸ್ತಕದಲ್ಲಿರುವ ಕೋಟೆ ಅದು, ನಮ್ಮಲ್ಲಿ ಚಿತ್ರದುರ್ಗದ ಕೋಟೆ ವಿಳಾಸ ಕೊಟ್ಟ ಹಾಗೆ. ಅದಕ್ಕೂ ಸರ್ಟಿಫಿಕೇಟ್ ಬಂತು. ಹಾಗಾಗಿ ವೋಟರ್ ಕಾರ್ಡ್ ಕೇಳಿದರೆ ಈಗ ನನಗೆ ಸಿಟ್ಟು ಬರುವುದಿಲ್ಲ.

ಇನ್ನೊಂದು ವಿಷಯ, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಫೆಡರಲ್ ಕೆಲಸ ಬೇಕಾದರೆ ಮೊದಲು ಸರ್ಕಾರದ ವೆಬ್‌ಸೈಟ್ ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿ ಆಗಬೇಕು. ಅದೂ ಪುಕ್ಕಟೆ. ಆದರೆ ನೋಂದಣಿ ಆದ ಮರುದಿನದಿಂದ ಫೋನು ಶುರು. ಸರ್ಕಾರದವರ ಹಾಗೇ ಮಾತಾಡುತ್ತಾರೆ, "ನಿಮ್ಮ ರಿಜಿಸ್ಟ್ರೇಷನ್ ಮುಗಿಯುತ್ತಿದೆ" ಅನ್ನುತ್ತಾರೆ. ತಮ್ಮ ನಂಬಿ ಒಂದು ಖಾಸಗಿ ಏಜೆನ್ಸಿಗೆ 600 ಡಾಲರ್ ಕಟ್ಟಿದ್ದ. ನಾನು ಲೆಕ್ಕದಲ್ಲಿ ನೋಡಿ ಕೇಳಿದರೆ "ಅಕ್ಕಾ, ಅರ್ಜೆಂಟ್ ಅಂದರು" ಅಂತಾನೆ. ದುಡ್ಡು ಕೊಡಬೇಡಿ. ಅಪೆಕ್ಸ್ ಆಕ್ಸಿಲರೇಟರ್ ಅಂತ ಊರೂರಲ್ಲಿ ಕೇಂದ್ರಗಳಿವೆ, ಮೊದಲು ಪಿಟ್ಯಾಕ್ ಅನ್ನುತ್ತಿದ್ದರು, ಅಲ್ಲಿ ಬಿಟ್ಟಿ ಸಲಹೆ ಸಿಗುತ್ತದೆ. ನಮಗೆ ಸಿಕ್ಕ ಅಜ್ಜ ಒಬ್ಬರು ಎರಡು ಗಂಟೆ ಕೂತು ಫೈಲು ನೋಡಿಕೊಟ್ಟರು. ಈ ಇಡೀ ಕಥೆಯಲ್ಲಿ ಪೂರ್ತಿ ಐದು ಸ್ಟಾರ್ ಅವರಿಗೆ.

ಅರ್ಜಿ ಹಾಕುವವರೆಗಿನ ಓಡಾಟ ನಮ್ಮದೇ, ಆರು ತಿಂಗಳು. ಪೂರ್ತಿ ಫೈಲ್ ಕೈಸೇರಿದ ಮೇಲೆ ತೀರ್ಮಾನಕ್ಕೆ 60 ದಿನದ ಗಡುವು ಇದೆ. ನಮ್ಮದು ಬಂತು, ಇನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಬಂದ ಮೇಲೆ ಏನು ಸಿಗುತ್ತದೆ ಅಂದರೆ, ಕೆಲವು ಟೆಂಡರು ಹಬ್‌ಝೋನ್ ಕಂಪನಿಗಳಿಗೇ ಮೀಸಲು. ಎಲ್ಲರಿಗೂ ತೆರೆದ ಟೆಂಡರಿನಲ್ಲಿ ಶೇಕಡಾ 10ರ ಬೆಲೆ ಅನುಕೂಲ. ದೊಡ್ಡ ಕಂಪನಿ 1,00,000 ಡಾಲರ್ ಕೋಟ್ ಮಾಡಿದೆ, ನಾವು 1,08,000 ಅನ್ನಿ. ಹೋಲಿಸುವಾಗ ಅವರದನ್ನು 1,10,000 ಅಂತ ಹಿಡಿಯುತ್ತಾರೆ, ಕೆಲಸ ನಮ್ಮದು. ಆದರೆ ನಮ್ಮ ಹಾಗೇ ಇನ್ನೊಂದು ಸಣ್ಣ ಕಂಪನಿ ಕಮ್ಮಿ ಹೇಳಿದ್ದರೆ ಈ ಹತ್ತು ಪರ್ಸೆಂಟು ನಡೆಯುವುದಿಲ್ಲ. ಕೇಬಲ್ ಕೆಲಸದಲ್ಲಿ ಎದುರಾಳಿಗಳು ಮುಕ್ಕಾಲು ಪಾಲು ಸಣ್ಣವರೇ, ಹೇಳಿ ಏನು ಪ್ರಯೋಜನ.

ನಮಗೆ ಬಂದ ಫೋನುಗಳಲ್ಲಿ ಜಾಸ್ತಿ ದೊಡ್ಡ ಕಂಪನಿಗಳದ್ದು. ದೊಡ್ಡ ಕಾಂಟ್ರಾಕ್ಟ್ ಹಿಡಿದವರು ಉಪಗುತ್ತಿಗೆಯಲ್ಲಿ ಹಬ್‌ಝೋನಿಗೆ ಎಷ್ಟು ಅಂತ ಯೋಜನೆ ಕೊಡಬೇಕು, ಅದಕ್ಕೆ ನಮ್ಮ ಹೆಸರು ಬೇಕು. ಒಬ್ಬರು ತಮ್ಮ ಟೆಂಡರ್ ಪ್ರಸ್ತಾವದಲ್ಲಿ ನಮ್ಮ ಲೋಗೋ ಹಾಕಿಕೊಂಡರು, ಗೆದ್ದರು, ಆಮೇಲೆ ನಮ್ಮ ಮೇಲ್‌ಗೆ ಉತ್ತರವೇ ಇಲ್ಲ. ಒಂದೂವರೆ ಸ್ಟಾರ್ ಹೋದದ್ದರಲ್ಲಿ ಒಂದು ಇದಕ್ಕೆ. ಇನ್ನೊಬ್ಬರು ಒಂದು ಸರ್ಕಾರಿ ಕಟ್ಟಡದ ಹದಿನಾಲ್ಕು ಕೋಣೆಗಳ ಕೇಬಲ್ ಕೆಲಸ ಕೊಟ್ಟರು, ಬಿಲ್ಲೂ ಸಮಯಕ್ಕೆ ಬಂತು. ಆ ಕೆಲಸಕ್ಕೆ ಹೋದವರಲ್ಲಿ ಮನೆ ಬದಲಾಯಿಸಿದ ಹುಡುಗನೂ ಇದ್ದ.

ಉಳಿದ ಅರ್ಧ ಸ್ಟಾರ್ ನಕ್ಷೆಗೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತಾರೆ, 2023ರಲ್ಲಿ ಆಯಿತು, ಮುಂದಿನದು 2028ಕ್ಕೆ. ಬೀದಿ ಸುಧಾರಿಸಿದರೆ ವಲಯದಿಂದ ಹೊರಗೆ, ಮೂರು ವರ್ಷ ಮಾತ್ರ ರಿಯಾಯಿತಿ. ಹೋದ ತಿಂಗಳು ಎದುರುಗಡೆ ಒಂದು ಕಾಫಿ ಅಂಗಡಿ ತೆರೆಯಿತು, ಒಂದು ಲೋಟಕ್ಕೆ ಆರು ಡಾಲರ್. ಎಲ್ಲರೂ ಖುಷಿಪಟ್ಟರು. ತಮ್ಮ ಮಾತ್ರ ಕಿಟಕಿಯಲ್ಲಿ ನಿಂತು ಆ ಬೋರ್ಡನ್ನೇ ನೋಡುತ್ತಿದ್ದ, ಸಂಜೆ ಬಂದು "ಅಕ್ಕಾ, ಲೀಸು 2028ರವರೆಗೆ ಮಾತ್ರ ಸಹಿ ಮಾಡೋಣ" ಅಂದ.