ಆಫೀಸ್ ನೆಲ ಅದುರುತ್ತಿತ್ತು, ಡ್ಯಾಂಪರ್ ಹಾಕಿಸಿದೆವು: ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಡ್ಯಾಂಪರ್, ಅಂದರೆ ನೆಲದ ಅದುರು ತಗ್ಗಿಸುವ ಸಾಧನ, ಕೆಲಸ ಮಾಡುತ್ತದೆ. ಹಾಕಿಕೊಟ್ಟವರಿಗೆ ಮಾತ್ರ ಪೂರ್ತಿ ಅಂಕ ಕೊಡುವ ಮನಸ್ಸಿಲ್ಲ. ಹೆಸರು ಬೇಡ ಬಿಡಿ.

ನಮ್ಮ ಆಫೀಸ್ ಇರುವುದು ಬೆಂಗಳೂರಿನ ಒಂದು ಟೆಕ್ ಪಾರ್ಕಿನಲ್ಲಿ. ಉದ್ದುದ್ದ ಸ್ಟೀಲ್ ಬೀಮ್, ಮೇಲೆ ಡೆಕ್ ಶೀಟ್, ಅದರ ಮೇಲೆ ತೆಳು ಕಾಂಕ್ರೀಟ್, ನಡುವೆ ಕಂಬವೇ ಇಲ್ಲ. ಪಾರ್ಟಿಷನ್, ಫೈಲ್ ಬೀರು ಎಲ್ಲ ತೆಗೆಸಿ ದೊಡ್ಡ ಹಾಲ್ ಮಾಡಿದ ಮೇಲೆ ಶುರುವಾಯಿತು ನೋಡಿ. ಪ್ಯಾಂಟ್ರಿ ಕಡೆಯಿಂದ ಯಾರಾದರೂ ಬಿರುಸಾಗಿ ನಡೆದು ಬಂದರೆ ಸಾಕು, ಮಾನಿಟರ್‌ಗಳು ತಲೆಯಾಡಿಸುತ್ತಿದ್ದವು, ಲೋಟದ ಕಾಫಿ ಮೇಲೆ ಸಣ್ಣ ಸಣ್ಣ ಉಂಗುರ. ಬಿಲ್ಡಿಂಗ್ ಬೀಳುತ್ತದಾ ಅಂತ ಎಚ್‌ಆರ್‌ಗೆ ಮೇಲ್ ಕೂಡ ಹೋಯಿತು. ಬೀಳುವುದಿಲ್ಲ. ಭಾರ ತಡೆಯುವ ಶಕ್ತಿ ಬೇರೆ, ಅದುರುವುದು ಬೇರೆ.

ನಾವು ನಡೆಯುವಾಗ ಸೆಕೆಂಡಿಗೆ ಸುಮಾರು 2 ಹೆಜ್ಜೆ ಬೀಳುತ್ತವೆ. ಆ ಹೊಡೆತದಲ್ಲಿ 4, 6 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 4, 6 ಸಲ ಅದುರಿಸುವ) ಪಾಲೂ ಇರುತ್ತದೆ. ನಮ್ಮ ನೆಲ ತನ್ನಷ್ಟಕ್ಕೆ ಅದುರುವುದು 6ರ ಹತ್ತಿರವೇ. ಸರಿಯಾದ ಹೊತ್ತಿಗೆ ತಳ್ಳಿದ ಉಯ್ಯಾಲೆ ಥರ ಹೆಜ್ಜೆ ಹೆಜ್ಜೆಗೂ ಅದುರು ಜಾಸ್ತಿಯಾಗುತ್ತಿತ್ತು. ಮೊದಲು ಪಾರ್ಟಿಷನ್‌ಗಳೇ ಅದನ್ನು ನುಂಗುತ್ತಿದ್ದವಂತೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2011ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 39 ಮಹಡಿಯ ಟೆಕ್ನೋಮಾರ್ಟ್ ಕಟ್ಟಡ ಅಲ್ಲಾಡಿ ಜನರನ್ನೆಲ್ಲ ಹೊರಗೆ ಕಳಿಸಿದ್ದರು. ಕೊನೆಗೆ ತಜ್ಞರು ಬೆರಳು ತೋರಿಸಿದ್ದು ಜಿಮ್‌ನಲ್ಲಿ ತೇ ಬೋ ಎಂಬ ಕುಣಿತದಂಥ ವ್ಯಾಯಾಮ ಮಾಡುತ್ತಿದ್ದ ಸುಮಾರು 17 ಜನರ ಕಡೆಗೆ!

ಅಳತೆಗೆ ಬಂದ ಹುಡುಗರ ಕೆಲಸ ಚೆನ್ನಾಗಿತ್ತು. ನೆಲದ ಮೇಲೆ ಸೆನ್ಸಾರ್ ಇಟ್ಟು, ಒಬ್ಬ ತುದಿಗಾಲಲ್ಲಿ ನಿಂತು ಧೊಪ್ಪನೆ ಹಿಮ್ಮಡಿ ಊರುತ್ತಿದ್ದ, ಇನ್ನೊಬ್ಬ ಲ್ಯಾಪ್‌ಟಾಪ್‌ನಲ್ಲಿ ಅಲೆ ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ನೋಡುತ್ತಿದ್ದ. ಆಫೀಸ್ ನೆಲದ ಅದುರಿನ ವೇಗೋತ್ಕರ್ಷಕ್ಕೆ ಅಮೆರಿಕದ ಉಕ್ಕಿನ ಕಟ್ಟಡಗಳ ಸಂಸ್ಥೆ ಎಐಎಸ್‌ಸಿಯ ಕೈಪಿಡಿ ಹೇಳುವ ಮಿತಿ ಗುರುತ್ವದ ವೇಗೋತ್ಕರ್ಷದ 0.5%. ನಾವು ಅದನ್ನು ದಾಟಿದ್ದೆವು. ನಡುವೆ ಕಂಬ ಕೊಡೋಣ ಅಂದರೆ ಅದು ಕೆಳಗಿನ ಕಂಪನಿಯ ರಿಸೆಪ್ಷನ್ ಮಧ್ಯಕ್ಕೇ ಬರುತ್ತದೆ. ಹಾಗಾಗಿ ಡ್ಯಾಂಪರ್.

ನೋಡಲು ಸುಮ್ನೆ ಕಬ್ಬಿಣದ ಪೆಟ್ಟಿಗೆ. ಒಳಗೆ ಸ್ಪ್ರಿಂಗ್ ಮೇಲೆ ಕೂತ ಉಕ್ಕಿನ ಪ್ಲೇಟ್‌ಗಳು, ಜೊತೆಗೆ ಎಣ್ಣೆ ತುಂಬಿದ ಸಿಲಿಂಡರ್. ನೆಲ ಅದುರಿದಾಗ ಪ್ಲೇಟ್‌ಗಳು ಅದಕ್ಕೆ ಎದುರಾಗಿ ಕುಣಿಯುತ್ತವೆ, ಆ ಕುಣಿತದ ಶಕ್ತಿ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಕರೆಂಟ್ ಬೇಡ. ಪ್ಲೇಟ್‌ಗಳ ತೂಕ ನೆಲದಲ್ಲಿ ಅದುರುವಷ್ಟು ಭಾಗದ ತೂಕದ ನೂರಕ್ಕೆ ಒಂದೆರಡು ಪಾಲು ಇದ್ದರೂ ಸಾಕಾಗುತ್ತದೆ. ಈಗ ನಡೆದರೆ ಗೊತ್ತೇ ಆಗುವುದಿಲ್ಲ ಅಂತ ಅಲ್ಲ, ಆದರೆ ಒಂದು ಸಲ ಮೆಲ್ಲಗೆ ಅದುರಿ ನಿಂತುಬಿಡುತ್ತದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ.

ಇನ್ನು ತಕರಾರು. ಇದು ಒಂದೇ ಫ್ರೀಕ್ವೆನ್ಸಿಗೆ, ಅಂದರೆ ಸೆಕೆಂಡಿಗೆ ಇಷ್ಟು ಸಲ ಅನ್ನುವ ಒಂದೇ ಅದುರಿಗೆ, ಹೊಂದಿಸಿದ ಸಾಮಾನು. ಅವರು ಟ್ಯೂನ್ ಮಾಡಿದ್ದು ಅರ್ಧ ಫರ್ನಿಚರ್ ಇನ್ನೂ ಬಾರದೇ ಇದ್ದಾಗ. ಮೇಜು, ಬೀರು ಎಲ್ಲ ಬಂದು ತೂಕ ಏರಿದ ಮೇಲೆ ನೆಲದ ಫ್ರೀಕ್ವೆನ್ಸಿ ಕೆಳಗಿಳಿಯಿತು, ಡ್ಯಾಂಪರ್ ಹಳೆಯದಕ್ಕೇ ಅಂಟಿಕೊಂಡಿತ್ತು. ಒಂದೆರಡು ಪ್ಲೇಟ್ ಸೇರಿಸುವ ಕೆಲಸಕ್ಕೆ ಹೊಸ ಕೊಟೇಶನ್ ಕಳಿಸಿದರು. ಇದು ಅವರಿಗೆ ಮೊದಲೇ ಗೊತ್ತಿರಬೇಕಿತ್ತು, ಅಲ್ವಾ? ಇನ್ನೊಂದು, ಪೆಟ್ಟಿಗೆ ಇರುವುದು ಕೆಳಗಿನವರ ಫಾಲ್ಸ್ ಸೀಲಿಂಗ್ ಒಳಗೆ. ಕೈ ಹಾಕಲು ಬಾಗಿಲೇ ಬಿಟ್ಟಿರಲಿಲ್ಲ! ಪ್ರತಿ ಸಲ ಬೋರ್ಡ್ ಕತ್ತರಿಸಿ, ಅವರ ಅಡ್ಮಿನ್ ಹತ್ತಿರ ಬೈಸಿಕೊಳ್ಳಬೇಕು.

ಹಾಕಿಸುವವರು ಎಲ್ಲ ಸಾಮಾನು ಬಂದ ಮೇಲೆ ಕೊನೆಯ ಟ್ಯೂನಿಂಗ್, ಹಿಂದಿನ ಮತ್ತು ಈಗಿನ ಅಳತೆಯ ರಿಪೋರ್ಟ್, ಸೀಲಿಂಗ್‌ನಲ್ಲಿ ಬಾಗಿಲು, ಇಷ್ಟನ್ನೂ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಹೊಸದಾಗಿ ಸ್ಟೀಲ್ ಬಿಲ್ಡಿಂಗ್ ಕಟ್ಟುವವರು ಡಿಸೈನ್ ಮಾಡುವಾಗಲೇ ಎಂಜಿನಿಯರ್‌ಗೆ ಕೇಳಿ. ಉಕ್ಕಿನ ಕಟ್ಟಡಗಳಿಗಿರುವ ಭಾರತೀಯ ಮಾನಕ ಐಎಸ್ 800:2007ರಲ್ಲಿ ನೆಲದ ಕಂಪನಕ್ಕೇ ಒಂದು ಅನುಬಂಧ ಇದೆ. ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನ ಮನೆಯ ಧಡಧಡ ಸದ್ದಿಗೆ ಮಾತ್ರ ಇದು ಬೇಡ, ಅದು ಬೇರೆ ಸಮಸ್ಯೆ. ಅವರಿಗೇ ಹೇಳಿ ದಪ್ಪ ಮ್ಯಾಟ್ ಹಾಸಿಸಿ.